ಮೊಣಗಂಟು ತೋರಿಸಿದ ಹುಡುಗ

ತೋಟದಲ್ಲಿ ಉದುರಿದ ಅಡಕೆ ಹಾಳೆ ಸಿಕ್ಕಿದರೆ ನೆರಿಯದ ಮಕ್ಕಳಿಗೆ ಬೇರೆ ಗಾಡಿ ಬೇಡ. ಒಬ್ಬರು ಹಾಳೆಯ ಮೇಲೆ ಕೂತುಕೊಳ್ಳಬೇಕು, ಇನ್ನೊಬ್ಬರು ಸೋಗೆಯ ತುದಿ ಹಿಡಿದು ಎಳೆದುಕೊಂಡು ಓಡಬೇಕು. ಇಳಿಜಾರು ಇದ್ದರೆ ಎಳೆಯುವವರೂ ಬೇಡ. 1989ರ ಏಪ್ರಿಲಿನ ಒಂದು ಮಧ್ಯಾಹ್ನ ಆರು ವರ್ಷದ ಹುಡುಗಿಯೊಬ್ಬಳು ಹೀಗೆ ಗುಡ್ಡೆಯಿಂದ ಜಾರುತ್ತ ಬಂದು, ತೋಡಿನ ಬದಿಯ ಕಲ್ಲುಗಳ ಮೇಲೆ ಎಡಗೈ ಊರಿ ಬಿದ್ದಳು. ನೋಡುತ್ತಿದ್ದಂತೆ ಮೊಣಕೈ ಊದಿಕೊಂಡಿತು.

ಸಂಜೆ ಐದೂವರೆಗೆ ಆರೋಗ್ಯ ಉಪಕೇಂದ್ರದ ಬಾಗಿಲಿಗೆ ಅವಳನ್ನು ಎತ್ತಿಕೊಂಡು ಬಂದರು. ಅಷ್ಟರಲ್ಲಿ ಊರಿನಲ್ಲಿ ಎಲುಬು ಕಟ್ಟುವವರೊಬ್ಬರು ಬಿದಿರ ಸೀಳುಗಳನ್ನಿಟ್ಟು, ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿಯಾಗಿತ್ತು. ಉಪಕೇಂದ್ರದ ಸಿಸ್ಟರ್ ಆ ಊರಿಗೆ ಬಂದು ಆಗಷ್ಟೇ ವರ್ಷವಾಗಿತ್ತು, ವಯಸ್ಸು ಇಪ್ಪತ್ತೆಂಟು. ಮಗುವಿನ ಬೆರಳುಗಳು ದಪ್ಪಗೆ, ತಣ್ಣಗೆ ಇದ್ದವು. ಒಂದು ಬೆರಳನ್ನು ಮೆಲ್ಲ ನೇರ ಮಾಡಲು ಹೋದಾಗ ಮಗು ಕೂಗಿದ ಕೂಗು ರಸ್ತೆಗೆ ಕೇಳಿಸಿತು. ಕಟ್ಟು ಬಿಚ್ಚಬೇಕೋ ಬೇಡವೋ ಎಂದು ಆಕೆ ಯೋಚಿಸಿದ್ದು ನಿಜ. ಬಿಚ್ಚಲಿಲ್ಲ. ಹಿರಿಯರೊಬ್ಬರು ಕಟ್ಟಿದ ಕಟ್ಟು, ಬಿಚ್ಚಿದರೆ ಎಲುಬು ಜಾರೀತು, ಮನೆಯವರು ಏನಂದಾರು ಎಂಬ ಅಳುಕು. ನೋವಿನ ಮಾತ್ರೆ ಕೊಟ್ಟು, ಬೆಳಿಗ್ಗೆ ಮೊದಲ ಬಸ್ಸಿಗೆ ಮಂಗಳೂರಿಗೆ ಕರೆದುಕೊಂಡು ಹೋಗಿ ಎಂದಳು. ಕೊನೆಯ ಬಸ್ಸು ಆಗಲೇ ಹೋಗಿತ್ತು.

ಕೈ ಉಳಿಯಿತು. ಆದರೆ ಕೈಯ ಕೆಲಸ ಉಳಿಯಲಿಲ್ಲ. ಕೆಲವು ತಿಂಗಳಲ್ಲಿ ಮಣಿಕಟ್ಟು ಒಳಕ್ಕೆ ಬಾಗಿತು, ಬೆರಳುಗಳು ಕೊಕ್ಕೆಯಂತೆ ಮಡಚಿ ನಿಂತವು. ಅದಕ್ಕೊಂದು ಹೆಸರಿದೆ ಎಂಬುದು ಸಿಸ್ಟರಿಗೆ ತಿಳಿದದ್ದು ಬಹಳ ವರ್ಷಗಳ ನಂತರ. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ಇದನ್ನು ಬರೆದಿಟ್ಟಿದ್ದ: ಬಿಗಿಯಾದ ಕಟ್ಟಿನ ಒಳಗೆ ಊತ ಏರಿ, ಸ್ನಾಯುಗಳಿಗೆ ರಕ್ತ ಹೋಗದೆ, ಅವು ಸತ್ತು ನಾರಿನಂತೆ ಸೆಳೆದುಕೊಳ್ಳುತ್ತವೆ. ರಕ್ತವಿಲ್ಲದೆ ಸ್ನಾಯು ತಾಳುವುದು ಸುಮಾರು ಆರು ಗಂಟೆ. ಸಂಜೆ ಐದೂವರೆಗೂ ಮರುದಿನದ ಮೊದಲ ಬಸ್ಸಿಗೂ ನಡುವೆ ಎಷ್ಟು ಆರು ಗಂಟೆಗಳಿವೆ ಎಂದು ಆಕೆ ಆಮೇಲೆ ಎಷ್ಟೋ ರಾತ್ರಿ ಲೆಕ್ಕ ಹಾಕಿದ್ದಾಳೆ. ಮೇಜಿನ ಮೇಲೆ ಕತ್ತರಿ ಇತ್ತು.

ನೆರಿಯ ಎಂದರೆ ಬೆಳ್ತಂಗಡಿ ತಾಲೂಕಿನಲ್ಲಿ, ಪಶ್ಚಿಮ ಘಟ್ಟದ ಅಡಿ. ಮಂಗಳೂರಿನಿಂದ ಚಾರ್ಮಾಡಿ ಘಾಟಿಗೆ ಹೋಗುವ ಹೆದ್ದಾರಿಯಲ್ಲಿ ಕಕ್ಕಿಂಜೆ ಸಿಗುತ್ತದೆ. ಅಲ್ಲಿಂದ ಒಳಕ್ಕೆ ತಿರುಗಬೇಕು. ಅಡಕೆ, ರಬ್ಬರು, ತೆಂಗು, ನಡುವೆ ನೇತ್ರಾವತಿಗೆ ಹೋಗಿ ಸೇರುವ ಹೊಳೆ, ಹೊಳೆಗೆ ಸೇರುವ ನೂರು ತೋಡು, ದಾಟಲು ತೋಡಿಗೊಂದು ಸಂಕ. ಮನೆಗಳು ಒಂದಕ್ಕೊಂದು ದೂರ. ತುಳು, ಮಲಯಾಳ, ಬ್ಯಾರಿ, ಕನ್ನಡ, ಕೊಂಕಣಿ ಎಲ್ಲವೂ ಕಿವಿಗೆ ಬೀಳುವ ಊರು. ಒಂದು ಮಗು ‘ಕಾರ್ ಬೇನೆ’ ಎಂದು ಅತ್ತರೆ ಇನ್ನೊಂದು ‘ಮುಟ್ಟು ವೇದನ’ ಎನ್ನುತ್ತದೆ. ಇಲ್ಲಿಂದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ 70 ಕಿಲೋಮೀಟರಿಗೂ ಮಿಕ್ಕಿದ ದಾರಿ. 108 ಆಂಬುಲೆನ್ಸ್ ರಾಜ್ಯಕ್ಕೆ ಬಂದದ್ದು 2008ರ ನವೆಂಬರಿನಲ್ಲಿ. ಅದಕ್ಕಿಂತ ಮೊದಲಿನ ಇಪ್ಪತ್ತು ವರ್ಷ ಜೀಪು, ಹಾಲಿನ ವ್ಯಾನು, ಕೆಲವೊಮ್ಮೆ ಹೆಗಲು.

ಆ ಹುಡುಗಿಯ ನಂತರ ಆಕೆ ಮೊಣಕೈಯನ್ನು ಕಲಿತಳು. ಕಲಿತಳು ಎಂದರೆ ಪುಸ್ತಕ ಹಿಡಿದು ಅಲ್ಲ. ತಾಲೂಕು ಮಟ್ಟದ ತರಬೇತಿಗಳಲ್ಲಿ ಎದ್ದು ನಿಂತು ಕೇಳಿ, ಮಗುವನ್ನು ಕರೆದುಕೊಂಡು ಹೋದಾಗ ಎಲುಬಿನ ಡಾಕ್ಟರುಗಳ ಬೆನ್ನ ಹಿಂದೆ ನಿಂತು ನೋಡಿ. ಮಕ್ಕಳು ಕೈ ಊರಿ ಬಿದ್ದಾಗ ಮೊಣಕೈಯ ಸ್ವಲ್ಪ ಮೇಲೆ, ತೋಳಿನ ಎಲುಬು ತೆಳ್ಳಗಾಗುವ ಜಾಗದಲ್ಲಿ ಮುರಿಯುವುದು ಎಲ್ಲಕ್ಕಿಂತ ಸಾಮಾನ್ಯ, ಅದರಲ್ಲೂ ಐದರಿಂದ ಏಳು ವರ್ಷದವರಲ್ಲಿ. ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಅದರ ಎದುರಿಗೇ ಹಾದುಹೋಗುತ್ತದೆ. ಆದ್ದರಿಂದ ಎಲುಬು ಮುರಿದಿದೆಯೇ ಎನ್ನುವುದಕ್ಕಿಂತ ಮೊದಲು ನೋಡಬೇಕಾದ್ದು ಬೆರಳುಗಳನ್ನು. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದೆಯೇ? ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರುತ್ತದೆಯೇ? ಬೆರಳನ್ನು ನಾವು ನೇರ ಮಾಡಿದಾಗ ನೋವು ಹೆಚ್ಚಾಗುತ್ತದೆಯೇ? ಮಗು ಎಷ್ಟು ಸಮಾಧಾನ ಮಾಡಿದರೂ ಸುಮ್ಮನಾಗದೆ, ಹೊರಳಾಡುತ್ತ, ನೋವಿನ ಔಷಧಿ ಮತ್ತೆ ಮತ್ತೆ ಕೇಳುತ್ತಿದ್ದರೆ ಅದು ಹಟವಲ್ಲ. ಒಳಗೆ ಒತ್ತಡ ಏರುತ್ತಿದೆ ಎಂಬ ಸೂಚನೆ.

ನರಗಳನ್ನು ಪರೀಕ್ಷಿಸಲು ಆಕೆ ಒಂದು ಆಟವನ್ನೇ ಹಿಡಿದುಕೊಂಡಳು. ಮುಷ್ಟಿ ಕಟ್ಟು, ಕಲ್ಲು. ಅಂಗೈ ಬಿಡಿಸಿ ಬೆರಳು ನೇರ ಮಾಡು, ಕಾಗದ. ಎರಡು ಬೆರಳು ಅಗಲಿಸು, ಕತ್ತರಿ. ಕೊನೆಗೆ ಹೆಬ್ಬೆರಳಿಗೂ ತೋರುಬೆರಳಿಗೂ ತುದಿ ಸೇರಿಸಿ ಉರುಟು ಸೊನ್ನೆ ಮಾಡು. ನಾಲ್ಕೂ ಮಾಡಿದರೆ ಮುಂಗೈಯ ಮುಖ್ಯ ನರಗಳೆಲ್ಲ ಕೆಲಸ ಮಾಡುತ್ತಿವೆ ಎಂದರ್ಥ. ಸೊನ್ನೆ ಉರುಟಾಗದೆ ಚಪ್ಪಟೆಯಾದರೆ ಒಂದು ಸಣ್ಣ ನರಕ್ಕೆ ಪೆಟ್ಟಾಗಿದೆ. ಈ ಮುರಿತದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಅದೇ. ಐದು ವರ್ಷದ ಮಗುವಿಗೆ ‘ನಿನ್ನ ಬೆರಳು ಜೋಮು ಹಿಡಿದಿದೆಯಾ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆಟ ಆಡಿಸಿದರೆ ಬರುತ್ತದೆ.

ಆಸರೆಗೆ ಹಾಳೆ. ಕೆಡವಿದ ಹಾಳೆಯೇ ಕಾಯುವ ಹಾಳೆಯೂ ಆಯಿತು. ನೀರಿನಲ್ಲಿ ನೆನೆಸಿದರೆ ಬೇಕಾದ ಹಾಗೆ ಬಾಗುತ್ತದೆ, ಕತ್ತರಿಗೆ ಸಿಗುತ್ತದೆ, ಕೈಯ ಆಕಾರಕ್ಕೆ ದೋಣಿಯಂತೆ ಕೂತುಕೊಳ್ಳುತ್ತದೆ. ಒಳಗೆ ಮೆತ್ತನೆ ಬಟ್ಟೆ ಹಾಸಿ, ಮೊಣಕೈಯನ್ನು ಸ್ವಲ್ಪವೇ ಬಾಗಿಸಿ, ಹೇಗೆ ನೋವು ಕಡಿಮೆಯೋ ಹಾಗೆ ಇಟ್ಟು, ಗಾಯದ ಮೇಲೂ ಕೆಳಗೂ ಬೈರಾಸಿನಿಂದ ಸಡಿಲವಾಗಿ ಕಟ್ಟಬೇಕು. ಮಡಚಿ ಕೊರಳಿಗೆ ಬಿಗಿಯಾಗಿ ತೂಗಹಾಕಬಾರದು. ಊದಿದ ಮೊಣಕೈ ಹೆಚ್ಚು ಮಡಚಿದಷ್ಟೂ ನಾಳ ಹಿಚುಕುತ್ತದೆ. ಬೆರಳ ತುದಿ ಹೊರಗೆ ಕಾಣುತ್ತಿರಬೇಕು. ದಾರಿಯುದ್ದಕ್ಕೂ ಯಾರಾದರೂ ಅದನ್ನು ನೋಡುತ್ತಿರಬೇಕು. ಎಣ್ಣೆ ಹಚ್ಚಿ ನೀವಬಾರದು ಎಂಬುದನ್ನು ಅಜ್ಜಿಯರಿಗೆ ಒಪ್ಪಿಸಲು ಆಕೆಗೆ ಹತ್ತು ವರ್ಷ ಹಿಡಿಯಿತು. ಮುರಿದ ಮೊಣಕೈಯ ಸುತ್ತ ನೀವಿದರೆ ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಗಟ್ಟಿಯಾಗಿಬಿಡುತ್ತದೆ.

ಎಲುಬು ಕಟ್ಟುವವರ ಮೇಲೆ ಆಕೆಗೆ ಸಿಟ್ಟಿರಲಿಲ್ಲ. ರಾತ್ರಿ ಎಂಟಕ್ಕೆ ಬಾಗಿಲು ತೆರೆದಿರುವುದು ಅವರದ್ದು ಮಾತ್ರ ಎಂಬುದು ಆಕೆಗೆ ಗೊತ್ತಿತ್ತು. ಆಗ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿದ್ದ ಪುತ್ತೂರಿನ ಹೆಸರು ಹೊತ್ತ ‘ಪುತ್ತೂರು ಕಟ್ಟು’ ಬೋರ್ಡುಗಳನ್ನು ಕರ್ನಾಟಕದ ಊರೂರಿನಲ್ಲಿ ನೋಡಿ, ಅದು ಪಕ್ಕದ ತಾಲೂಕಿನ ನಮ್ಮ ಪುತ್ತೂರೇ ಎಂದು ನಂಬಿದವರು ಬೆಳ್ತಂಗಡಿಯಲ್ಲಿ ಬಹಳ ಮಂದಿ. ನಂಬಿಕೆಯ ಜೊತೆ ಜಗಳಾಡುವ ಬದಲು ಆಕೆ ಊರಿನ ಕಟ್ಟುವವರ ಮನೆಗೇ ಹೋದಳು. ಕೇಳಿದ್ದು ಎರಡೇ: ಮಕ್ಕಳ ಮೊಣಕೈ ಕಟ್ಟಬೇಡಿ, ಕಟ್ಟಲೇಬೇಕಾದರೆ ಬೆರಳು ನೋಡಿ, ತಣ್ಣಗಾದರೆ ಆ ಗಳಿಗೆಯಲ್ಲೇ ಬಿಚ್ಚಿ. ಅವರಲ್ಲೊಬ್ಬರು ಆಮೇಲೆ ಎಷ್ಟೋ ಮಕ್ಕಳನ್ನು ತಾವೇ ಉಪಕೇಂದ್ರಕ್ಕೆ ಕರೆದುಕೊಂಡು ಬಂದರು. ಆ ಕೈಗಳಲ್ಲಿ ಒಂದೂ ಕೊಕ್ಕೆಯಾಗಲಿಲ್ಲ.

ಆಕೆ ನೆರಿಯಕ್ಕೆ ಬಂದ 1988ನೇ ಇಸವಿಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು, ಆಕೆಗೆ ಗೊತ್ತಿಲ್ಲದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮಕ್ಕಳ ಎಲುಬು ತಜ್ಞ ಡಾ. ಬೆಂಜಮಿನ್ ಜೋಸೆಫ್ ಮತ್ತು ಜೊತೆಯವರು ಮಕ್ಕಳ ಸೊಂಟದ ಕೀಲನ್ನು ಕೆಡಿಸುವ ಪರ್ತಿಸ್ ಕಾಯಿಲೆ ದಕ್ಷಿಣ ಭಾರತದಲ್ಲಿ ಎಲ್ಲೆಲ್ಲಿ, ಯಾರಿಗೆ ಬರುತ್ತದೆ ಎಂದು ಹುಡುಕಿ ಬರೆದ ಅಧ್ಯಯನ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಭಾರತದಲ್ಲಿ ಅಪರೂಪ ಎಂದುಕೊಂಡಿದ್ದ ಈ ಕಾಯಿಲೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಅಪರೂಪವೇನಲ್ಲ ಎಂಬುದು ಆ ಬರಹದಿಂದ ಹೊರಬಂತು. ಆದರೆ ವೈದ್ಯಪತ್ರಿಕೆಯ ಹಾಳೆಯಿಂದ ಘಟ್ಟದಡಿಯ ಉಪಕೇಂದ್ರಕ್ಕೆ ದಾರಿ ಉದ್ದ. ಆಕೆ ಆ ಹೆಸರು ಕೇಳುವಷ್ಟರಲ್ಲಿ ಹದಿನೈದು ವರ್ಷ ಕಳೆದಿತ್ತು.

2003ರ ಆಟಿ ತಿಂಗಳು. ಮಳೆ ಸ್ವಲ್ಪ ಹೊಳವಾಗಿತ್ತು. ಶಾಲೆಗೆ ಚುಚ್ಚುಮದ್ದಿಗೆಂದು ಹೋಗಿದ್ದ ಸಿಸ್ಟರ್ ಅಂಗಳದಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುವುದನ್ನು ನೋಡುತ್ತ ನಿಂತಿದ್ದಳು. ಎಂಟು ವರ್ಷದ ಹುಡುಗನೊಬ್ಬ ಪ್ರತಿ ಸಲವೂ ಎಡಗಾಲಲ್ಲೇ ಕುಂಟುತ್ತಿದ್ದ. ಬಲಗಾಲಿಗೆ ಬದಲಿಸಬೇಕಾದ ಮನೆ ಬಂದಾಗ ಎರಡೂ ಕಾಲು ಊರಿ ಔಟಾಗುತ್ತಿದ್ದ. ಹತ್ತಿರ ಕರೆದು ಕೇಳಿದರೆ ಬಲ ಮೊಣಗಂಟನ್ನು ತೋರಿಸಿದ.

ಮನೆಯಲ್ಲಿ ವಿಚಾರಿಸಿದಾಗ ಕತೆ ಹೊರಬಿತ್ತು. ಮೂರು ತಿಂಗಳಿಂದ ನೋವು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಮೊಣಗಂಟಿನ ಎಕ್ಸ್‌ರೇ ತೆಗೆಸಿದ್ದರು. ಏನೂ ಇಲ್ಲ, ಬೆಳೆಯುವ ಮಕ್ಕಳಿಗೆ ಬರುವ ನೋವು ಎಂದು ಹೇಳಿ ಕಳಿಸಿದ್ದರು. “ಎಂತದೂ ಇಲ್ಲ ಸಿಸ್ಟರ್, ಶಾಲೆಗೆ ಹೋಗ್ಲಿಕ್ಕೆ ಉದಾಸೀನ” ಎಂದಳು ತಾಯಿ. ಸಿಸ್ಟರಿಗೆ ಆ ವರ್ಷದ ತರಬೇತಿಯಲ್ಲಿ ಕೇಳಿದ ಒಂದು ಮಾತು ನೆನಪಿಗೆ ಬಂತು: ಮಗು ಮೊಣಗಂಟು ತೋರಿಸಿದರೆ ಸೊಂಟದ ಕೀಲನ್ನು ನೋಡಿ. ಸೊಂಟದ ಕೀಲಿಗೂ ಮೊಣಗಂಟಿಗೂ ಒಂದೇ ನರದ ಕವಲುಗಳು ಹೋಗುತ್ತವೆ. ಮೇಲಿನ ನೋವನ್ನು ಮಗು ಕೆಳಗೆ ತೋರಿಸುತ್ತದೆ. ಇನ್ನೂ ಒಂದು ಗುರುತು ಇತ್ತು. ಬೆಳೆಯುವ ನೋವು ಎರಡೂ ಕಾಲಿಗೆ, ರಾತ್ರಿ ಹೊತ್ತು ಬರುತ್ತದೆ, ಬೆಳಿಗ್ಗೆ ಮಗು ಏನೂ ಆಗದ ಹಾಗೆ ಓಡುತ್ತದೆ. ಹಗಲಲ್ಲಿ ಒಂದೇ ಕಾಲು ಕುಂಟಿಸುವ ನೋವಿಗೆ ಆ ಹೆಸರು ಕೊಡಬಾರದು.

ಹುಡುಗನನ್ನು ಜಗಲಿಯ ಮೇಲೆ ಕವುಚಿ ಮಲಗಿಸಿದಳು. ಎರಡೂ ಮೊಣಕಾಲು ಮಡಚಿ, ಪಾದಗಳನ್ನು ಮೆಲ್ಲನೆ ಹೊರಕ್ಕೆ ಬೀಳಲು ಬಿಟ್ಟಳು. ಎಡ ಪಾದ ಸಲೀಸಾಗಿ ಹೊರಗೆ ವಾಲಿತು. ಬಲದ್ದು ಅರ್ಧಕ್ಕೇ ನಿಂತಿತು. ಎದ್ದು ನಿಲ್ಲಿಸಿ ಬಲಗಾಲೊಂದರ ಮೇಲೆ ನಿಲ್ಲು ಎಂದಾಗ ಎಡ ಸೊಂಟ ಕೆಳಕ್ಕೆ ಜೋತಿತು. ಯಂತ್ರ ಬೇಡ, ಕರೆಂಟು ಬೇಡ, ಎರಡು ನಿಮಿಷದ ಕೆಲಸ. ನಡೆಯುವಾಗ ಸೊಂಟ ಜೋಲುವುದರ ಹಿಂದೆ ಸ್ನಾಯುವಿನ ಸೋಲಿದೆ ಎಂದು ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ ತೋರಿಸಿಕೊಟ್ಟದ್ದು 1895ರಲ್ಲಿ. ನೆರಿಯದ ಆ ಜಗಲಿಯಲ್ಲಿ ಅದು ಹಾಗೆಯೇ ಕಂಡಿತು.

ಮಣಿಪಾಲದಲ್ಲಿ ಸೊಂಟದ ಎಕ್ಸ್‌ರೇ ತೆಗೆದರು. ಪರ್ತಿಸ್. ತೊಡೆಯ ಎಲುಬಿನ ತಲೆ, ಸೊಂಟದ ಗುಳಿಯೊಳಗೆ ತಿರುಗುವ ಆ ಉರುಟು ತಲೆ, ರಕ್ತ ಸಿಗದೆ ಸತ್ತಿತ್ತು. ಯಾಕೆ ಹಾಗಾಗುತ್ತದೆ ಎಂಬುದಕ್ಕೆ ವೈದ್ಯಲೋಕದಲ್ಲಿ ಇಂದಿಗೂ ಪೂರ್ಣ ಉತ್ತರವಿಲ್ಲ. 1910ರ ಸುಮಾರಿಗೆ ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ತಿಸ್ ಬೇರೆ ಬೇರೆಯಾಗಿ ಇದನ್ನು ಗುರುತಿಸಿದ್ದರು. ಹುಡುಗಿಯರಿಗಿಂತ ಹುಡುಗರಿಗೆ ನಾಲ್ಕೈದು ಪಟ್ಟು ಹೆಚ್ಚು. ವಿಚಿತ್ರವೆಂದರೆ ಸತ್ತ ಎಲುಬು ತಾನಾಗಿ ಮತ್ತೆ ಹುಟ್ಟುತ್ತದೆ: ಕೆಲವು ವರ್ಷಗಳಲ್ಲಿ ಚೂರುಚೂರಾಗಿ, ಮೆದುವಾಗಿ, ಹೊಸದಾಗಿ ಕೂಡಿಕೊಳ್ಳುತ್ತದೆ. ಆ ಮೆದು ಕಾಲದಲ್ಲಿ ತಲೆ ಗುಳಿಯೊಳಗೆ ಕೂತಿದ್ದರೆ ಉರುಟಾಗಿ ಬೆಳೆಯುತ್ತದೆ, ಹೊರಕ್ಕೆ ಜಾರಿದ್ದರೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಕೀಲು ನಡುವಯಸ್ಸಿಗೇ ಸವೆಯುತ್ತದೆ.

ಹುಡುಗ ಮಣಿಪಾಲಕ್ಕೆ ಹೋದ ಅದೇ 2003ರಲ್ಲಿ ಡಾ. ಜೋಸೆಫ್ ತಂಡದ ಇನ್ನೊಂದು ಬರಹ ಬಂತು. ಪರ್ತಿಸ್ ಇದ್ದ 610 ಮಕ್ಕಳನ್ನು ಗಮನಿಸಿ, ಕಾಯಿಲೆ ಯಾವ ಹಂತದಿಂದ ಯಾವ ಹಂತಕ್ಕೆ ಸಾಗುತ್ತದೆ, ತಲೆ ಯಾವಾಗ ಹೊರಕ್ಕೆ ಜಾರತೊಡಗುತ್ತದೆ ಎಂಬುದನ್ನು ಅದು ಬಿಡಿಸಿಟ್ಟಿತ್ತು. ತಲೆಯನ್ನು ಗುಳಿಯೊಳಗೆ ಕೂರಿಸುವ ಚಿಕಿತ್ಸೆ ಬೇಗ ಆಗಬೇಕು, ಚೂರಾಗುವ ಹಂತ ಮುಂದುವರಿದ ಮೇಲೆ ಮಾಡಿದರೆ ಫಲ ಕಡಿಮೆ ಎಂಬ ಮಾತು ಅದರಿಂದ ಗಟ್ಟಿಯಾಯಿತು. ಜಗತ್ತಿನ ಮಕ್ಕಳ ಎಲುಬು ವೈದ್ಯರು ಇಂದು ಬಳಸುವ ಆ ಹಂತಗಳ ಲೆಕ್ಕ ನಮ್ಮ ಕರಾವಳಿಯ ಮಕ್ಕಳ ಎಕ್ಸ್‌ರೇಗಳ ಮೇಲೆ ನಿಂತಿದೆ. ಸಿಸ್ಟರಿಗೆ ಅದರಲ್ಲಿ ಕಂಡದ್ದು ಬೇರೆ. ಶಸ್ತ್ರಚಿಕಿತ್ಸೆ ಮಾಡುವವರ ಕೈಯಲ್ಲಿ ‘ಹೇಗೆ’ ಇದೆ. ‘ಯಾವಾಗ’ ಇರುವುದು ಶಾಲೆಯಂಗಳದಲ್ಲಿ ನಿಂತವರ ಕೈಯಲ್ಲಿ.

ಹುಡುಗನಿಗೆ ತೊಡೆಯ ಎಲುಬನ್ನು ಕೊಯ್ದು, ಓರೆಯಾಗಿಸಿ, ಪ್ಲೇಟು ಹಾಕಿ ಜೋಡಿಸಿದರು, ತಲೆ ಗುಳಿಯ ಆಳಕ್ಕೆ ಕೂರುವ ಹಾಗೆ. ತಿಂಗಳುಗಟ್ಟಲೆ ಕಾಲು ಊರುವಂತಿಲ್ಲ. ಊರುಗೋಲು ಹಿಡಿದು ಅಡಕೆ ಮರದ ಸಂಕ ದಾಟಲಾಗದು. ಅಪ್ಪ ದಿನವೂ ಬೆನ್ನ ಮೇಲೆ ಹೊತ್ತು ಶಾಲೆ ಮುಟ್ಟಿಸಿದ. ಟೀಚರು ತರಗತಿಯನ್ನೇ ಮೆಟ್ಟಿಲಿಲ್ಲದ ಕೋಣೆಗೆ ಬದಲಿಸಿದರು. ಈಗ ಅವನು ಪಿಕಪ್ ಓಡಿಸುತ್ತಾನೆ. ದಿನವಿಡೀ ಅಡಕೆ ಮೂಟೆ ಹೊತ್ತ ರಾತ್ರಿ ಸ್ವಲ್ಪ ಕುಂಟು ಕಾಣುತ್ತದೆ, ಅಷ್ಟೆ.

ಆಟದ ಗಾಯಗಳದ್ದು ಇನ್ನೊಂದು ಕತೆ. ಬೆಳ್ತಂಗಡಿ ಕಡೆ ಹೊನಲು ಬೆಳಕಿನ ಕಬಡ್ಡಿ ಇಲ್ಲದ ಊರಿಲ್ಲ, ವಾಲಿಬಾಲ್ ನೆಟ್ಟು ಕಟ್ಟದ ಶಾಲೆಯಿಲ್ಲ. ವಲಯ ಮಟ್ಟದ ಕ್ರೀಡಾಕೂಟಕ್ಕೆ ಸಿಸ್ಟರನ್ನು ಪ್ರಥಮ ಚಿಕಿತ್ಸೆಗೆ ಕೂರಿಸುವುದು ವಾಡಿಕೆ. ಅಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು ‘ಉಳುಕಿದ್ದು’. ಸ್ಪ್ರೇ ಹೊಡೆದು ಮತ್ತೆ ಕೋರ್ಟಿಗೆ ಇಳಿಸುವುದು ಎಲ್ಲರ ಅವಸರ. ಆದರೆ ಮಕ್ಕಳ ದೇಹದ ಲೆಕ್ಕ ಬೇರೆ. ಅವರ ಎಲುಬಿನ ತುದಿಯಲ್ಲಿ ಬೆಳವಣಿಗೆ ನಡೆಯುವ ಮೆದು ಪಟ್ಟಿ ಇರುತ್ತದೆ. ಸುತ್ತಲಿನ ಕಟ್ಟುನಾರುಗಳಿಗಿಂತ ಅದೇ ದುರ್ಬಲ. ದೊಡ್ಡವರಿಗೆ ನಾರು ಹರಿಯುವ ಪೆಟ್ಟಿಗೆ ಮಕ್ಕಳಲ್ಲಿ ಆ ಪಟ್ಟಿ ಬಿರಿಯುತ್ತದೆ. ಟೊರಾಂಟೊದ ಸಾಲ್ಟರ್ ಮತ್ತು ಹ್ಯಾರಿಸ್ 1963ರಲ್ಲಿ ಇಂಥ ಬಿರುಕುಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಮೊದಲ ಬಗೆ ಎಕ್ಸ್‌ರೇಯಲ್ಲೂ ಎಷ್ಟೋ ಸಲ ಕಾಣದು. ಹನ್ನೆರಡು ವರ್ಷದ ಕಬಡ್ಡಿ ಹುಡುಗಿಯೊಬ್ಬಳ ಕಾಲಗಂಟಿನ ಹೊರಬದಿಯ ಎಲುಬಿನ ಮೇಲೇ ಬೆರಳಿಟ್ಟು ಒತ್ತಿದಾಗ ಅವಳು ಕಾಲು ಎಳೆದುಕೊಂಡಳು. ಸುತ್ತಲಿನ ಮೆದು ಜಾಗ ಒತ್ತಿದಾಗ ಸುಮ್ಮನಿದ್ದಳು. ತಂಡದವರು ಒತ್ತಾಯಿಸಿದರೂ ಸಿಸ್ಟರ್ ಅವಳನ್ನು ಅಂದು ಆಡಗೊಡಲಿಲ್ಲ. ಫೈನಲ್ ಸೋತರು. ಮೂರು ವಾರದ ಪ್ಲಾಸ್ಟರಿನ ನಂತರ ಕಾಲು ಸರಿಹೋಯಿತು.

ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಓದುತ್ತ, ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡುತ್ತಿದ್ದ ಹದಿಮೂರರ ಹುಡುಗನೊಬ್ಬ ರಜೆಯಲ್ಲಿ ಬಂದಾಗ ಎರಡೂ ಮೊಣಗಂಟಿನ ಕೆಳಗೆ ಗುಬ್ಬಿ ಎದ್ದಿತ್ತು. ಮನೆಯವರು ಗಡ್ಡೆಯೆಂದು ಹೆದರಿದ್ದರು. ಅದು 1903ರಲ್ಲಿ ಆಸ್‌ಗುಡ್ ಮತ್ತು ಶ್ಲಾಟರ್ ವಿವರಿಸಿದ, ಓಡಿ ಜಿಗಿಯುವ ಮಕ್ಕಳಿಗೆ ಬರುವ ತೊಂದರೆ. ತೊಡೆಯ ಸ್ನಾಯು ಎಳೆಯುವ ಜಾಗದ ಎಳೆ ಎಲುಬು ನೊಂದಿರುತ್ತದೆ. ಓಟ ಕಡಿಮೆ ಮಾಡಿ, ತೊಡೆ ಸ್ನಾಯುಗಳನ್ನು ಎಳೆಯುವ ವ್ಯಾಯಾಮ ಮಾಡಿದರೆ, ಬೆಳವಣಿಗೆ ಮುಗಿಯುವಾಗ ನೋವೂ ಮುಗಿಯುತ್ತದೆ. ಆದರೂ ಆಕೆ ಅವನನ್ನು ಕವುಚಿ ಮಲಗಿಸಿ ಸೊಂಟ ನೋಡದೆ ಬಿಡಲಿಲ್ಲ. ಮಗುವಿಗೆ ಎಷ್ಟು ವಯಸ್ಸೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ಒಂದೇ ಆಟದ ತರಬೇತಿ ಬೇಡ ಎಂದು ಕ್ರೀಡಾ ವೈದ್ಯರು ಹೇಳುವ ಅಳತೆಯನ್ನು ಹುಡುಗನ ಅಪ್ಪನಿಗೆ ಚೀಟಿಯಲ್ಲಿ ಬರೆದುಕೊಟ್ಟಳು.

ಆಕೆಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಮಾತ್ರ ಬೀಳದೆಯೂ ಕಾಲು ಊರದ ಮಗು. ಜ್ವರ ಇದೆ, ಕಾಲು ಮುಟ್ಟಗೊಡುವುದಿಲ್ಲ, ನಿಲ್ಲಿಸಿದರೆ ಮಡಚಿಕೊಳ್ಳುತ್ತದೆ. ಸೊಂಟದ ಕೀಲಿನಲ್ಲಿ ಕೀವು ತುಂಬಿದ್ದರೆ ಕೆಲವೇ ದಿನದಲ್ಲಿ ಕೀಲು ಹಾಳಾಗುತ್ತದೆ. ಅದೇ ದಿನ ತೆಗೆಯಬೇಕು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ತಪ್ಪಲಿನ ಹೊಳೆಗಳೆಲ್ಲ ಉಕ್ಕಿ, ಸಂಕಗಳು ಕೊಚ್ಚಿಹೋಗಿ, ಘಾಟಿ ರಸ್ತೆ ಮುಚ್ಚಿದಾಗ ನಾಲ್ಕು ವರ್ಷದ ಅಂಥ ಒಂದು ಮಗು ಹೊಳೆಯಾಚೆ ಸಿಕ್ಕಿಹಾಕಿಕೊಂಡಿತ್ತು. ಮಳೆಗಾಲದ ಜ್ವರ, ನೀರಿಳಿದ ಮೇಲೆ ನೋಡೋಣ ಎಂದರು ಕೆಲವರು. ಆಕೆ ಫೋನಿನಲ್ಲಿ ಕೇಳಿದ್ದು ಒಂದೇ: “ಕಾಲು ಊರುತ್ತದಾ?” ಇಲ್ಲ ಎಂದರು. ಊರಿನ ಯುವಕರು ತೋಟಗಳ ಮೇಲಿನಿಂದ ಸುತ್ತು ಹಾಕಿ, ಕಂಬಳಿಯಲ್ಲಿ ಹೊತ್ತು, ರಸ್ತೆಗೆ ತಂದರು. ರಾತ್ರಿಯೇ ಕೀವು ತೆಗೆದರು. ಈಗ ಅದು ಶಾಲೆಗೆ ಓಡುತ್ತದೆ.

ಇನ್ನೊಂದನ್ನು ಆಕೆ ಎಂದೂ ಜೋರಾಗಿ ಹೇಳಿದವಳಲ್ಲ, ಆದರೆ ಕಿರಿಯರಿಗೆ ತಪ್ಪದೆ ಹೇಳಿದ್ದಾಳೆ. ಇನ್ನೂ ನಡೆಯಲು ಕಲಿಯದ ಕೂಸಿನ ತೊಡೆ ಎಲುಬು ಮುರಿದಿದ್ದರೆ, ಹೇಗಾಯಿತೆಂಬ ಕತೆ ಸಲಸಲಕ್ಕೂ ಬದಲಾಗುತ್ತಿದ್ದರೆ, ಬರೀ ಎಲುಬು ಕಟ್ಟಿಸಿ ಮನೆಗೆ ಕಳಿಸಬೇಡಿ. ಡಾಕ್ಟರಿಗೆ ಹೇಳಿ. ಕೂಸಿನ ಪರವಾಗಿ ಮಾತಾಡುವವರು ಅಲ್ಲಿ ಬೇರೆ ಯಾರೂ ಇರುವುದಿಲ್ಲ.

2021ರಲ್ಲಿ ಆಕೆ ನಿವೃತ್ತಳಾದಳು. ಮನೆ ಮಾಡಿಕೊಂಡದ್ದು ನೆರಿಯದಲ್ಲೇ. 1989ರ ಆ ಹುಡುಗಿ ಹತ್ತಿರದ ಇನ್ನೊಂದು ಊರಿಗೆ ಮದುವೆಯಾಗಿ ಹೋಗಿದ್ದಾಳೆ. ಜಾತ್ರೆಯಲ್ಲಿ ಸಿಕ್ಕಿದಾಗ ಬಲಗೈಯಿಂದ ಸಿಸ್ಟರ ಕೈ ಹಿಡಿದು ಮಾತಾಡಿಸುತ್ತಾಳೆ. ಎಡಗೈ ಸೆರಗಿನೊಳಗೆ ಇರುತ್ತದೆ. ಸಿಸ್ಟರ್ ಒಮ್ಮೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದ್ದಳು. ಅವಳು ತುಂಬ ಹೊತ್ತು ಏನೂ ಹೇಳದೆ, ಆಮೇಲೆ ಮಕ್ಕಳ ಓದಿನ ಸುದ್ದಿ ಎತ್ತಿದಳು.

ಹೋದ ಮಳೆಗಾಲ ಆಶಾ ಕಾರ್ಯಕರ್ತೆಯರ ತಿಂಗಳ ಸಭೆಗೆ ಆಕೆಯನ್ನು ಕರೆದಿದ್ದರು. ಬೆಂಚಿನ ಮೇಲೆ ಒಬ್ಬ ಹುಡುಗಿಯನ್ನು ಕವುಚಿ ಮಲಗಿಸಿ ಪಾದ ವಾಲಿಸುವುದನ್ನು ತೋರಿಸಿದಳು, ಕಲ್ಲು-ಕಾಗದ-ಕತ್ತರಿ ಆಡಿಸಿದಳು, ನೆನೆಸಿದ ಹಾಳೆಯನ್ನು ಎಲ್ಲರೂ ತಾವೇ ಕತ್ತರಿಸುವಂತೆ ಮಾಡಿದಳು. ಸಭೆ ಮುಗಿದು ಚಹಾ ಕುಡಿಯುವಾಗ ಹೊಸಬಳೊಬ್ಬಳು ಹತ್ತಿರ ಬಂದು, ತನ್ನ ನೆರೆಮನೆಯ ಏಳು ವರ್ಷದ ಹುಡುಗ ಹದಿನೈದು ದಿನದಿಂದ ಮೊಣಗಂಟು ನೋವು ಅನ್ನುತ್ತಾನೆ, ಅಜ್ಜಿ ಎಣ್ಣೆ ತಿಕ್ಕುತ್ತಿದ್ದಾರೆ ಎಂದಳು.

“ಕುಂಟುತ್ತಾನಾ?”

“ಸ್ವಲ್ಪ.”

“ಮನೆ ಎಲ್ಲಿ?”

“ಹೊಳೆಯಾಚೆ, ಸಂಕ ದಾಟಿ.”

ಸಿಸ್ಟರ್ ಅರ್ಧ ಕುಡಿದ ಲೋಟವನ್ನು ಕಿಟಕಿಯ ಮೇಲಿಟ್ಟು, ಗೋಡೆಗೆ ಒರಗಿಸಿದ್ದ ಕೊಡೆ ತೆಗೆದುಕೊಂಡಳು. ಮಳೆ ಹನಿಯುತ್ತಿತ್ತು. ಹೊಸಬಳು ಮುಂದೆ, ಆಕೆ ಹಿಂದೆ, ಇಬ್ಬರೂ ಅಂಗಳಕ್ಕೆ ಇಳಿದರು.